ಅರ್ಧ ಒಪ್ಪಿದ ವರದಿ

ಇಂದಿರಾನಗರ, ನಾಶಿಕ್
೮ ಡಿಸೆಂಬರ್ ೨೦೨೫, ಸೋಮವಾರ

ನನ್ನ ಪ್ರೀತಿಯ ಅಮ್ಮೂ,

ಹೇಗಿದ್ದೀಯವ್ವಾ? ಕೆಮ್ಮು ಇಳಿಯಿತೇ? ಹೋದ ಭಾನುವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ನೀನು ಫೋನ್ ಇಟ್ಟ ಮೇಲೆ ನಿಮ್ಮವ್ವ ಅಡಿಗೆಮನೆಗೆ ಹೋಗಿ ಒಣಶುಂಠಿ ಕುಟ್ಟಲು ಕೂತಳು. ನೀನು ಗುವಾಹಾಟಿಯಲ್ಲಿದ್ದೀ, ಒಳಗಿನ ಕೋಣೆಯಲ್ಲಲ್ಲ ಎಂಬುದು ಕುಟ್ಟಿ ಮುಗಿಯುವ ತನಕ ಅವಳಿಗೆ ನೆನಪೇ ಆಗಲಿಲ್ಲವಂತೆ. ಆ ಪುಡಿ, ಗುರೆಳ್ಳ ಹಿಂಡಿ, ಶೇಂಗಾ ಚಟ್ನಿ ಎಲ್ಲ ಸೇರಿಸಿ ಬೇರೆ ಪಾರ್ಸೆಲ್ ಕಟ್ಟಿದ್ದೇವೆ. ಬೆಚ್ಚಗಿನ ನೀರನ್ನೇ ಕುಡಿ. ಅಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ ಎಂದಿದ್ದೆ. ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲಿ ದೀಪಗಳಿವೆಯೇ ಎಂದು ಕೇಳಲು ಆವತ್ತು ಮರೆತೆ. ನಾವು ಚೆನ್ನಾಗಿದ್ದೇವೆ. ನಿಮ್ಮವ್ವನ ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತದೆ, ಆದರೂ ತಾನೇ ಮೆಟ್ಟಿಲಿಳಿದು ಭಾಜಿ ತರುವ ಹಟ ಬಿಟ್ಟಿಲ್ಲ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನೀನು ಕನ್ನಡ ಓದುವುದು ನಿಧಾನವೆಂದು ಗೊತ್ತು, ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ನಿನ್ನನ್ನು ಕೂಡಿಸಿಕೊಂಡು ಕಾಗುಣಿತ ಬರೆಸುತ್ತಿದ್ದಾಗ ಇದು ಯಾವುದಕ್ಕೆ ಬೇಕು ಎಂದು ಅಳುತ್ತಿದ್ದೆ. ಯಾವುದಕ್ಕೆ ಬೇಕಾಗುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ.

ಫೋನಿನಲ್ಲಿ ಹೇಳಬಹುದಾದದ್ದನ್ನು ಯಾಕೆ ಕಾಗದದಲ್ಲಿ ಬರೆಯುತ್ತಿದ್ದೇನೆಂದರೆ, ಪಿಂಪಳವಾಡಿಯ ಹೆಸರು ಬಾಯಿಗೆ ಬಂದ ಕೂಡಲೇ ನಿನಗೆ ಪಾಠ ಮಾಡುವ ಕ್ಲಾಸ್ ಇರುತ್ತದೆ. “ಆಮ್ಯಾಲ ಮಾತಾಡೂಣಪ್ಪಾ” ಎನ್ನುತ್ತೀ. ನಾನು ಒತ್ತಾಯ ಮಾಡಲಿಲ್ಲ. ಆದರೆ ಈ ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದು. ಸುತ್ತಿಬಳಸದೆ ಹೇಳಿಬಿಡುತ್ತೇನೆ ಅವ್ವಾ. ಪಿಂಪಳವಾಡಿಯ ನಮ್ಮ ನೇಕಾರ ದಿಗಂಬರ ಭಾವು ತೀರಿಕೊಂಡರು. ದೀಪಾವಳಿ ಕಳೆದ ಮರುವಾರ, ಇಲ್ಲೇ ನಾಶಿಕ್‌ನಲ್ಲಿ. ಇಲ್ಲಿಗೆ ಓದುವುದನ್ನು ನಿಲ್ಲಿಸು, ಒಂದಿಷ್ಟು ನೀರು ಕುಡಿ, ಕಿಟಕಿಯ ಹತ್ತಿರ ಹೋಗಿ ನಿಂತು ಬಾ. ಆಮೇಲೆ ಉಳಿದದ್ದನ್ನು ಓದು. ಅವಸರವೇನಿಲ್ಲ.

ನಿನಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಮತ್ತೆ ಬರೆಯುತ್ತೇನೆ. ನೀನು ಅವನ್ನೆಲ್ಲ ನಿನ್ನ ವಿರುದ್ಧವಾಗಿಯೇ ಜೋಡಿಸಿಕೊಂಡು ನೆನಪಿಟ್ಟುಕೊಂಡಿದ್ದೀ ಎಂದು ನನಗೆ ಅನುಮಾನ. ನಿನ್ನ ಜೊತೆ ಆ ಊರಿಗೆ ಬಂದಿದ್ದವನು ನಾನು. ನಾನು ಕಂಡ ಹಾಗೆ ಒಂದು ಸಲ ಕೇಳು.

ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷವೇ ನೀನು ಸಂಭಾಜಿನಗರದ ಸಂಸ್ಥೆಯಲ್ಲಿ ಈ ಅಧ್ಯಯನ ಕೈಗೆತ್ತಿಕೊಂಡೆ. ಯೇವಲಾದ ಸುತ್ತಿನ ನೇಕಾರರನ್ನೆಲ್ಲ ಒಂದೇ ಸೂರಿನ ಕೆಳಗೆ ತರಲು ಹೆದ್ದಾರಿಯ ಪಕ್ಕದಲ್ಲಿ ಸರಕಾರ ಒಂದು ದೊಡ್ಡ ಮಗ್ಗದ ಶೆಡ್ಡು ಕಟ್ಟುವುದೆಂದು ಆಲೋಚನೆಯಾಗಿತ್ತು. ಆ ಬಂಡವಾಳದಿಂದ ಊರಿಗೆ ನಿಜವಾಗಿ ಏನು ಒಳ್ಳೆಯದಾಗುತ್ತದೆ ಎಂದು ನೋಡಿ ಹೇಳುವುದು ನಿನ್ನ ಕೆಲಸ. ಮನೆಯಲ್ಲಿ ಸುಮ್ಮನೆ ಕೂತರೆ ನಾನು ಟಿವಿಯ ಜೊತೆ ಜಗಳ ಆಡುತ್ತೇನೆಂದು ನಿಮ್ಮವ್ವ ನನ್ನನ್ನು ನಿನ್ನ ಬೆನ್ನಿಗೆ ಕಟ್ಟಿ ಕಳಿಸಿದಳು. ಪಿಂಪಳವಾಡಿಯ ಮೊದಲ ಮನೆಯೇ ದಿಗಂಬರ ಭಾವು ಅವರದ್ದು. ಒಳಗೆ ಕಾಲಿಟ್ಟ ಕೂಡಲೇ ಕುಣಿಮಗ್ಗದ ಸದ್ದು ಕೇಳಿ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಇಳಕಲ್ಲಿನ ನಮ್ಮ ಮನೆಯಲ್ಲಿ ನಿನ್ನ ಆಯಿ, ನನ್ನವ್ವ ಚನಬಸವ್ವ ಬಾಗಿಲ ಬಳಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಕೂತಿರುತ್ತಿದ್ದಳಲ್ಲ, ಭಾವು ಅವರ ಹೆಂಡತಿ ವತ್ಸಲಾಬಾಯಿಯೂ ಹಾಗೆಯೇ ಕೂತಿದ್ದರು. ಅದಕ್ಕೆ ಏನನ್ನುತ್ತೀರಿ ಎಂದು ಮರಾಠಿಯಲ್ಲಿ ಕೇಳಿದೆ. “ಕಾಂಡಿ” ಎಂದರು. ನಾವು ಕಂಡಿಕೆ ಅನ್ನುತ್ತೇವೆ ಎಂದಾಗ ದಿಗಂಬರ ಭಾವು ಕುಣಿಯೊಳಗಿಂದಲೇ ತಲೆಯೆತ್ತಿ, “ಹಾಗಾದರೆ ನೀವು ಊಟಕ್ಕೆ ಬಂದ ಪಾಹುಣೆ ಅಲ್ಲ ಕಾಕಾ, ಮನೆಯವರೇ, ಚಹಾ ನೀವೇ ಮಾಡಿಕೊಳ್ಳಿ” ಎಂದು ಜೋರಾಗಿ ನಕ್ಕರು. ಎಂಥ ನಗು ಅದು! ಪಕ್ಕದ ಮನೆಯ ಮಗ್ಗವೂ ಒಂದು ಕ್ಷಣ ನಿಂತಿತು.

ನೀನು ಅವರ ಮನೆಯಲ್ಲಿ ಕಂಡುಕೊಂಡದ್ದು ಎಷ್ಟು ಸರಳವಾಗಿತ್ತೆಂದರೆ ನಾನು ಸಹ ಅರ್ಥಮಾಡಿಕೊಂಡೆ. ಒಂದು ಪೈಠಣಿ ಸೀರೆಯಲ್ಲಿ ಅರ್ಧ ಕೆಲಸ ಹೆಂಗಸರದ್ದು. ರೇಶಿಮೆ ಬಿಡಿಸುವುದು, ಕಂಡಿಕೆ ಸುತ್ತುವುದು, ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ಎಳೆ ಕಡಿದರೆ ಕೂಡಿಸುವುದು. ಅದನ್ನೆಲ್ಲ ಅವರು ಅನ್ನಕ್ಕಿಟ್ಟು ಬಂದು ಮಾಡುತ್ತಾರೆ, ಮಗುವನ್ನು ಮಲಗಿಸಿ ಬಂದು ಮಾಡುತ್ತಾರೆ. ಮಗ್ಗವನ್ನು ಹೆದ್ದಾರಿಗೆ ಒಯ್ದರೆ ಗಂಡಸು ಮಾತ್ರ ಅದರ ಹಿಂದೆ ಹೋಗುತ್ತಾನೆ, ಹೆಂಗಸಿನ ಕೈ ಮನೆಯಲ್ಲೇ ಉಳಿಯುತ್ತದೆ. ಬೇರೆ ಜಿಲ್ಲೆಯಲ್ಲಿ ಹಿಂದೆ ಕಟ್ಟಿದ್ದ ಅಂಥದೇ ಒಂದು ಶೆಡ್ಡನ್ನು ನೋಡಲು ಹೋದೆವು. ಬಾಗಿಲು ತೆಗೆಸಿದರೆ ಒಳಗೆ ನೆಲದಿಂದ ಸೂರಿನವರೆಗೆ ಈರುಳ್ಳಿ ಮೂಟೆಗಳು. ನೀನು ಆ ವಾಸನೆಯಲ್ಲೇ ನಿಂತು ಟಿಪ್ಪಣಿ ಬರೆದುಕೊಂಡೆ, ನಾನು ಮೂಗು ಮುಚ್ಚಿಕೊಂಡು ಹೊರಗೆ ಬಂದೆ. ನಿನ್ನ ವರದಿಯಲ್ಲಿ ಎರಡು ಶಿಫಾರಸುಗಳಿದ್ದವು. ಶೆಡ್ಡು ಕಟ್ಟಬೇಡಿ ಎನ್ನುವುದು ಮೊದಲನೆಯದು. ಅದೇ ಹಣವನ್ನು ಮಗ್ಗವಿರುವ ಮನೆಗಳಿಗೇ ಹಾಕಿ, ಮಗ್ಗದ ಕೋಣೆಯ ಮಾಡು ಎತ್ತರಿಸಿ, ಕುಣಿಗೆ ಜೌಗು ಹಿಡಿಯದಂತೆ ಕಟ್ಟಿಸಿಕೊಡಿ, ಊರಲ್ಲೇ ನೂಲಿನ ಸಂಗ್ರಹ ಇಡಿ ಎನ್ನುವುದು ಎರಡನೆಯದು. ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ಕೊನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ನಾನೇ ಓದಿದ್ದೇನೆ.

ಹೋದ ವರ್ಷ ಡಿಸೆಂಬರಿನಲ್ಲಿ ಸಮಿತಿಯ ಸಭೆಯಿಂದ ನೀನು ಫೋನ್ ಮಾಡಿ, “ಅಪ್ಪಾ, ಒಪ್ಪಿದ್ರು” ಎಂದೆ. ನಿಮ್ಮವ್ವ ಹೋಳಿಗೆ ಮಾಡಿದಳು. ಪಿಂಪಳವಾಡಿಗೂ ಡಬ್ಬಿಯಲ್ಲಿ ಒಯ್ದೆವು. ಸಂಕ್ರಾಂತಿ ಕಳೆದ ಮೇಲೆ ಇಲಾಖೆಯ ಜನ ಟೇಪು ಹಿಡಿದು ಬಂದರು, ಮನೆಮನೆ ಅಳೆದರು, ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಬೇಕು, ಹಳೆಯ ಮಾಡು ಬಿಚ್ಚಿ ತಯಾರಾಗಿರಿ ಎಂದು ಹೇಳಿದವರು ಅವರು. ನೀನಲ್ಲ ಅಮ್ಮೂ. ನೀನು ಆವತ್ತು ಸಂಭಾಜಿನಗರದಲ್ಲಿ ಪಾಠ ಮಾಡುತ್ತಿದ್ದೆ. ದಿಗಂಬರ ಭಾವು ಏಪ್ರಿಲ್ ಕೊನೆಗೆ ಮಗ್ಗದ ಕೋಣೆಯ ತಗಡುಗಳನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟರು. ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ಬಂದಿತ್ತು, ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರು. ಬಿಸಿಲಿನಲ್ಲಿ ಕೂತು ನೇಯುತ್ತಾ, ಈಗ ನಾನು ಆಕಾಶಕ್ಕೇ ಮಗ್ಗ ಹಾಕಿದ್ದೇನೆ ಎಂದು ನಮಗೆ ತಮಾಷೆ ಮಾಡಿದರು.

ಈ ವರ್ಷ ಮೇ ತಿಂಗಳಲ್ಲೇ ಮಳೆ ಬಂತು. ಮನೆಗಳಿಗೆಂದು ಇದ್ದ ಹಣ ಮಾರ್ಚಿನಲ್ಲೇ ಇನ್ನೊಂದು ತಾಲೂಕಿನ ಕಾರ್ಖಾನೆ ನಿವೇಶನಗಳ ರಸ್ತೆಗೆ ಹೋಗಿಯಾಗಿತ್ತು. ಆ ಸುದ್ದಿ ಪಿಂಪಳವಾಡಿಗೆ ಮುಟ್ಟಿದ್ದು ಜೂನಿನಲ್ಲಿ. ಅಷ್ಟರೊಳಗೆ ಕುಣಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರು ನಿಂತು, ಹಾಸಿನ ರೇಶಿಮೆಗೆ ಬೂಸು ಹಿಡಿದು, ಮಗ್ಗದ ಮರ ಉಬ್ಬಿ ಸೀಳಿತ್ತು. ನೀನು ಅವರ ಪರವಾಗಿ ಹೋಗದ ಕಚೇರಿ ಇಲ್ಲ. ಒಂದು ಸಲ ನಾನೂ ನಿನ್ನ ಹಿಂದೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಆ ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಚಹಾ ತರಿಸಿಕೊಟ್ಟು, “ಮ್ಯಾಡಮ್, ನಿಮ್ಮ ವರದಿಯನ್ನು ನಾವು ಒಪ್ಪಿದ್ದೇವೆ. ಮೊದಲ ಶಿಫಾರಸು ಜಾರಿಯಾಗಿದೆ, ಎರಡನೆಯದು ಪರಿಶೀಲನೆಯಲ್ಲಿದೆ. ನಿಮ್ಮಿಂದ ಸರಕಾರಕ್ಕೆ ಎಷ್ಟು ಉಳಿತಾಯವಾಯಿತು ನೋಡಿ” ಎಂದ. ನಿಜವಾಗಿಯೂ ನಿನ್ನನ್ನು ಹೊಗಳುತ್ತಿದ್ದ ಎಂದೇ ನನಗೆ ಅನ್ನಿಸಿತು. ನೀನು ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. “ಅಪ್ಪಾ, ನನ್ನ ವರದಿ ತಪ್ಪಾಗಿದ್ರ ಛಲೋ ಇತ್ತು” ಎಂದೆ. ಜುಲೈನಲ್ಲಿ ನೀನು ರಾಜೀನಾಮೆ ಕೊಟ್ಟೆ, ನಕಾಶೆಯಲ್ಲಿ ಯೇವಲಾದಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರದ ಕೆಲಸ ಹುಡುಕಿಕೊಂಡೆ. ದಿಗಂಬರ ಭಾವು ಊರು ಬಿಟ್ಟರೆಂದಷ್ಟೇ ಆಗ ನಮಗೆ ಗೊತ್ತಿತ್ತು. ಎಲ್ಲಿಗೆಂದು ಗೊತ್ತಿರಲಿಲ್ಲ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು. ಶ್ರಾವಣದಲ್ಲಿ ನಿಮ್ಮವ್ವನ ಮಿಕ್ಸರ್ ಕೆಟ್ಟಿತು. ಸಾತಪುರದಲ್ಲಿ ಒಬ್ಬ ಚೆನ್ನಾಗಿ ರಿಪೇರಿ ಮಾಡುತ್ತಾನೆಂದು ಕೇಳಿ ಅಲ್ಲಿಗೆ ಹೋಗಿದ್ದೆ. ಪಾಳಿ ಬದಲಾಗುವ ಹೊತ್ತು, ರಸ್ತೆ ತುಂಬ ಮೋಟರ್ ಸೈಕಲ್ಲುಗಳು. ದಾಟಲಾರದೆ ಒಂದು ಕಾರ್ಖಾನೆಯ ಗೇಟಿನ ಬಳಿ ನಿಂತಿದ್ದಾಗ, “ಕಾಕಾ, ಸಂಭಾಳಿಸಿಕೊಂಡು!” ಎಂದು ಯಾರೋ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. ನೀಲಿ ಶರಟು, ಹೆಗಲ ಮೇಲೆ ಸೆಕ್ಯುರಿಟಿ ಏಜೆನ್ಸಿಯ ಬಿಲ್ಲೆ, ತಲೆಯ ಮೇಲೆ ಅಳತೆಗೆ ದೊಡ್ಡದಾದ ಟೋಪಿ. ಟೋಪಿ ತೆಗೆದು ನಕ್ಕ ಮೇಲೆಯೇ ನನಗೆ ಗುರುತು ಸಿಕ್ಕಿದ್ದು, ದಿಗಂಬರ ಭಾವು. ಎದುರಿನ ಗಾಡಿಯಲ್ಲಿ ಇಬ್ಬರೂ ಚಹಾ ಕುಡಿದೆವು. ನಾನು ಅವರ ಕ್ಷೇಮ ಕೇಳುವ ಮೊದಲೇ ಅವರು ನಿನ್ನ ಕ್ಷೇಮ ಕೇಳಿದರು: “ತಾಈ ಹೇಗಿದ್ದಾರೆ?” ದೂರ ಹೋಗಿದ್ದಾಳೆ, ಕೆಮ್ಮುತ್ತಾಳೆ ಎಂದೆ. ಅವರು ಗ್ಲಾಸು ಕೆಳಗಿಟ್ಟು, “ನಾನು ಇಲ್ಲಿದ್ದೀನಿ ಅಂತ ಅವರಿಗೆ ಹೇಳಬ್ಯಾಡ್ರಿ ಕಾಕಾ. ಮನಸ್ಸಿಗೆ ಹಚ್ಚಿಕೋತಾರ. ಬರೇ ನಾಲ್ಕು ತಿಂಗಳ ಮಾತು. ಮಳಿಗಾಲ ಮುಗೀಲಿ, ಮಾಡು ನಾನೇ ಹೊದಿಸ್ತೀನಿ” ಎಂದರು. ಮರಾಠಿಯಲ್ಲಿ ಅಂದದ್ದು ನನ್ನ ಕಿವಿಯಲ್ಲಿ ಹೀಗೆಯೇ ಉಳಿದಿದೆ. ಅವರಿಗೆ ಮಾತು ಕೊಟ್ಟಿದ್ದರಿಂದ ನಾನು ನಿನಗೆ ಹೇಳಲಿಲ್ಲ.

ಆಮೇಲೆ ಸಾತಪುರದ ಕಡೆ ಹೋಗಲು ನನಗೆ ಆಗಾಗ ಏನಾದರೂ ನೆಪ ಸಿಗುತ್ತಿತ್ತು. ನಿಮ್ಮವ್ವ ನೆಪವನ್ನೇನೂ ನಂಬುತ್ತಿರಲಿಲ್ಲ, ಒಂದು ಡಬ್ಬಿ ಕಟ್ಟಿ ಕೈಗಿಡುತ್ತಿದ್ದಳು. ಅವರಿಗೆ ನಮ್ಮ ಜೋಳದ ರೊಟ್ಟಿಗಿಂತ ಎಣ್ಣೆಗಾಯಿ ಹೆಚ್ಚು ಸೇರುತ್ತಿತ್ತು. ಶಿಂಗಣಾಪುರದ ಕಡೆಯ ಇಬ್ಬರ ಜೊತೆ ಒಂದು ಕೋಣೆಯಲ್ಲಿದ್ದರು. ದಿನವಿಡೀ ನಿಂತೇ ಇರುವ ಕೆಲಸ. ಹುಟ್ಟಿದಾಗಿನಿಂದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ದುಡಿದವರು, ಈಗ ಕಾಲು ಊದುತ್ತಿದ್ದವು. ದಸರೆಯ ಹಿಂದಿನ ದಿನ ನಾನು ಹೋದಾಗ ಕಾರ್ಖಾನೆಯಲ್ಲಿ ಯಂತ್ರಪೂಜೆ. ಒಳಗೆ ಕೆಲಸ ಮಾಡುವ ಹೆಣ್ಣುಮಕ್ಕಳೆಲ್ಲ ಪೈಠಣಿ ಉಟ್ಟು ಬಂದಿದ್ದರು. ಎಲ್ಲ ಯಂತ್ರದಲ್ಲಿ ನೇಯ್ದ ನಕಲು. ದಿಗಂಬರ ಭಾವು ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದು ಒಳಗೆ ಬಿಡುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬಂದು ಕಿವಿಯಲ್ಲಿ, “ಕಾಕಾ, ಆ ಹಸಿರು ಸೀರೆ ನೋಡ್ರಿ, ಸೆರಗಿನ ನವಿಲಿಗೆ ಕಾಲೇ ಇಲ್ಲ!” ಎಂದು ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳಿರಬೇಕು, ನಿಜವಾದ ಕೈಮಗ್ಗದ ಸೀರೆ ಉಟ್ಟುಕೊಂಡು ಬಂದಳು. ಅವರ ನಗು ನಿಂತಿತು. ಅವಳು ಒಳಗೆ ಹೋಗಿ ಕಣ್ಣಿಗೆ ಮರೆಯಾಗುವ ತನಕ ಅವಳ ಸೆರಗನ್ನೇ ನೋಡಿದರು. ಯಾರ ಕೈಯದು ಎಂದು ಕೇಳಿದೆ. ಗೊತ್ತಿಲ್ಲವೆಂದು ತಲೆಯಾಡಿಸಿದರು. ಆವತ್ತು ಅವರು ಮತ್ತೆ ನಗಲಿಲ್ಲ. ಅದೇ ನಾನು ಅವರನ್ನು ಕಂಡ ಕೊನೆಯ ಸಲ.

ದೀಪಾವಳಿಗೆ ಊರಿಗೆ ಹೋಗಿ ಬಂದಿದ್ದರಂತೆ. ಬಂದ ಮೇಲೆ ಒಂದು ಮಧ್ಯಾಹ್ನ, ಪಾಳಿಯ ಜನ ಹೊರಗೆ ಬರುವಾಗ, ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತವರು ಮೇಲೇಳಲಿಲ್ಲ. ಇಬ್ಬರು ಕೆಲಸಗಾರರು ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ದಾರಿಯಲ್ಲೇ ಜೀವ ಹೋಗಿತ್ತು. ಹೃದಯ ಎಂದರು ಡಾಕ್ಟರು. ಅವರ ಫೋನಿನಲ್ಲಿ ನಾಶಿಕ್‌ನವರದೆಂದು ಇದ್ದ ನಂಬರು ನನ್ನದೊಂದೇ, ಹಾಗಾಗಿ ನನಗೇ ಕರೆ ಬಂತು. ವತ್ಸಲಾಬಾಯಿಗೆ ಹೇಳಬೇಕಾದವನೂ ನಾನೇ ಆದೆ. ಭಾವು ಅವರನ್ನು ಊರಿಗೆ ಒಯ್ಯುವ ಗಾಡಿಯಲ್ಲಿ ನಾನು ಡ್ರೈವರನ ಪಕ್ಕದಲ್ಲಿ ಕೂತು ಹೋದೆ. ಯೇವಲಾ ದಾಟುವಾಗ ಅಂಗಡಿಗಳ ಗಾಜಿನಲ್ಲಿ ಸೀರೆಗಳು ತೂಗುತ್ತಿದ್ದವು. ನಾನು ತಲೆ ತಗ್ಗಿಸಿ ನನ್ನ ಕೈಗಳನ್ನು ನೋಡುತ್ತಾ ಕೂತೆ. ಅವರ ಮಗಳು ಕೋಪರಗಾವದಿಂದ ಬಂದಿದ್ದಳು. ಮಗ್ಗದ ಕೋಣೆಗೆ ಮಾಡಿನ ಬದಲು ಇನ್ನೂ ತಾಡಪಾಲೇ ಇತ್ತು. ಮಣ್ಣು ಮುಗಿಸಿ ನಾಶಿಕ್‌ಗೆ ಮರಳಿದ ಮೇಲೆ ನನಗೆ ಜ್ವರ ಬಂತು. ನಿನಗೆ ಫೋನಿನಲ್ಲಿ ನೆಗಡಿ ಎಂದಿದ್ದೆವಲ್ಲ, ಅದು.

ನವೆಂಬರಿನಲ್ಲಿ ನಿನ್ನ ಸಾಮಾನು ತರಲು ಸಂಭಾಜಿನಗರಕ್ಕೆ ಹೋಗಿದ್ದೆ. ಮನೆ ಖಾಲಿ ಮಾಡಿ ಬೀಗದ ಕೈ ಮಾಲಕರಿಗೆ ಕೊಟ್ಟೆ. ತುಳಸಿಯ ಕುಂಡವನ್ನು ಅವರೇ ಇಟ್ಟುಕೊಂಡರು. ನಿನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ತನ್ಮಯ ರಜೆ ಹಾಕಿ ಬಂದು ಪುಸ್ತಕಗಳನ್ನೆಲ್ಲ ಕಟ್ಟಿಕೊಟ್ಟ. ಒಳ್ಳೆಯ ಹುಡುಗ. ನೀನು ಹೋದ ಮೇಲೆ ತಾನೊಬ್ಬನೇ ಎರಡು ಸಲ ಪಿಂಪಳವಾಡಿಗೆ ಹೋಗಿ ಬಂದನಂತೆ. ನಿನ್ನ ವರದಿಯನ್ನು ಈಗ ಬೇರೆ ಜಿಲ್ಲೆಗಳಲ್ಲೂ ಉದಾಹರಿಸುತ್ತಿದ್ದಾರೆ ಎಂದು ಹೇಳಿದ. ಹೇಳಿ ತಲೆ ತಗ್ಗಿಸಿದ. ಎಲ್ಲ ಕಡೆಯೂ ಮೊದಲ ಶಿಫಾರಸು ಮಾತ್ರ. ಎರಡನೆಯದರ ಪುಟವನ್ನು ಯಾರೂ ತೆಗೆದು ನೋಡುವುದೂ ಇಲ್ಲವಂತೆ. ನಿನಗೆ ಇದನ್ನು ಬರೆಯಬೇಕೋ ಬೇಡವೋ ಎಂದು ನಾನು ನಿಮ್ಮವ್ವನನ್ನು ಕೇಳಿದೆ. “ಬರೀರಿ, ಆಕಿ ಸಣ್ಣಾಕಿ ಅಲ್ಲ” ಎಂದಳು.

ಹೋದ ಗುರುವಾರ ವತ್ಸಲಾಬಾಯಿ ನಮ್ಮ ಮನೆಗೆ ಬಂದರು. ಹೇಳದೆ ಕೇಳದೆ, ಒಬ್ಬರೇ, ಬಸ್ಸಿನಲ್ಲಿ. ಬಾಗಿಲು ತೆಗೆದಾಗ ಮೊದಲು ಕಂಡದ್ದು ಅವರ ಬೋಳು ಹಣೆ. ನಾನು ಏಜೆನ್ಸಿಯಿಂದ ಬರಬೇಕಾದ ಹಣದ ಮಾತು, ಸಹಿಯ ಮಾತು ಏನೋ ಶುರುಮಾಡಿದೆ. ನಿಮ್ಮವ್ವ ನನ್ನನ್ನು ತಡೆದು, “ಮೊದಲ ಊಟಕ್ಕ ಕೂಡಸ್ರಿ. ಯಾವಾಗ ಉಂಡಾರೋ ಏನೋ” ಎಂದು ಎಲೆ ಹಾಕಿದಳು. ಅವರು ಉಂಡರು. ಆಮೇಲೆ ಗೋಡೆಯ ಮೇಲಿನ ನಿನ್ನ ಪದವಿಯ ಫೋಟೋದ ಕೆಳಗೆ ಕೂತು ಊರಿನ ಸುದ್ದಿ ಹೇಳಿದರು. ಈಗ ಅವರು ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾರೆ. ಗುರುತು ಹಾಕಿದ ಮನೆಗಳಲ್ಲಿ ಕೆಲವರು ಮಾಡು ಮತ್ತೆ ಹೊದಿಸಿಕೊಂಡರು, ಕೆಲವರು ಮಗ್ಗ ತೆಗೆದು ಹಾಕಿ ದಿಂಡೋರಿ ಕಡೆ ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಿದ್ದಾರೆ. ಊರಿನವರು ಏನನ್ನುತ್ತಾರೆಂದು ನಾನೇ ಕೇಳಿದೆ. “ತಾಈ ಬರದಿದ್ದರ ಶೆಡ್ಡಾದರೂ ಆಗತಿತ್ತು ಅಂತಾರ” ಎಂದರು.

ನಿಮ್ಮವ್ವನಿಗೆ ತಡೆಯಲಾಗಲಿಲ್ಲ. ಅವಳ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, “ನನ್ನ ಮಗಳು ಯಾರಿಗೂ ಸುಳ್ಳ ಹೇಳಿಲ್ಲ ಬಾಯಿ” ಎಂದಳು. ವತ್ಸಲಾಬಾಯಿ ಅವಳ ಕೈ ಹಿಡಿದುಕೊಂಡು, “ಅದು ನನಗ ಗೊತ್ತದ. ಸುಳ್ಳ ಹೇಳಿದ್ದರ ಬೈದಾದರೂ ಹಗುರಾಗತಿದ್ದೆ” ಎಂದರು. ಆಮೇಲೆ ಇಬ್ಬರೂ ಅತ್ತರು. ನಾನು ಎದ್ದು ಬಾಲ್ಕನಿಗೆ ಹೋದೆ. ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ವತ್ಸಲಾಬಾಯಿ ನಿನ್ನನ್ನು ದೂರಿದರೆಂದು ತಿಳಿಯಬೇಡ, ಕ್ಷಮಿಸಿದರೆಂದೂ ತಿಳಿಯಬೇಡ. ಎರಡನ್ನೂ ಅವರು ಮಾಡಲಿಲ್ಲ. ನೀನು ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳಿದರು. ಅವರ ಮನೆಗೆ ಬಂದಾಗಲೆಲ್ಲ ನೀನು ಅನ್ನ ಬಿಡುತ್ತಿದ್ದೆಯಂತೆ.

ಅಮ್ಮೂ, ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಾಗದಗಳ ಮಧ್ಯೆ ಕಳೆದವನು. ಒಂದು ಕಾಗದದಲ್ಲಿ ತಮಗೆ ಬೇಕಾದ ಸಾಲನ್ನು ಓದಿ ಬೇಡದ ಸಾಲನ್ನು ಬಿಡುವವರನ್ನು ಬಹಳ ನೋಡಿದ್ದೇನೆ. ಆ ಓದಿಗೆ ಬರೆದವರು ಹೊಣೆಯಲ್ಲ. ಇದನ್ನು ನಾನು ನಂಬುತ್ತೇನೆ, ನೀನೂ ನಂಬಬೇಕೆಂಬ ಆಸೆ. ಆದರೆ ಆ ತಾಡಪಾಲಿನ ಕೆಳಗೆ ನಿಂತಾಗ ನನ್ನ ಈ ನಂಬಿಕೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಸತ್ತವರಿಗೂ ಇಲ್ಲ, ಅವರ ಹೆಂಡತಿಗೂ ಇಲ್ಲ. ನಿನಗೂ ಬರುವುದಿಲ್ಲವೇನೋ. ಅದಕ್ಕೇ ಇಷ್ಟು ದಿನ ನಾನು ನಿನಗೆ ಸಮಾಧಾನ ಹೇಳುವ ಗೋಜಿಗೆ ಹೋಗಿರಲಿಲ್ಲ. ಅಳು ಬಂದರೆ ಅಳು. ಅಲ್ಲಿನ ಹುಡುಗರಿಗೆ ಪಾಠ ಮಾಡು. ಅವರಿಗೆ ಎರಡನೆಯ ಶಿಫಾರಸಿನ ಪುಟವನ್ನೂ ಓದಿಸು.

ಇನ್ನೇನು ಬರೆಯಲಿ. ಕೆಳಗಿನ ಮನೆಯ ಶೀನಣ್ಣನ ಹೋಟೆಲಿಗೆ ಹೊಸ ಬೋರ್ಡು ಬಂದಿದೆ, ಉಡುಪಿ ಎನ್ನುವುದು ಮರಾಠಿಯಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಚಿಕ್ಕದಾಗಿ. ಅವನು ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ನಿಮ್ಮವ್ವ ಈಗ ನನ್ನ ಭುಜದ ಹಿಂದೆ ನಿಂತು ನಾನು ಎಷ್ಟು ಬರೆದೆ ಎಂದು ನೋಡುತ್ತಿದ್ದಾಳೆ. ಮಫ್ಲರ್ ಕಟ್ಟಿಕೊಳ್ಳದೆ ಹೊರಗೆ ಹೋಗಬಾರದಂತೆ. ಎಲ್ಲಿದ್ದರೂ ನಿನ್ನ ಮೈಮನಸ್ಸು ನೆಟ್ಟಗಿರಲಿ, ನೀನಿರುವ ಮನೆಯಲ್ಲಿ ದೀಪ ಉರಿಯುತ್ತಿರಲಿ ಎಂದು ನಮ್ಮಿಬ್ಬರ ಹಾರೈಕೆ.

ನಿನ್ನ ಅಪ್ಪ,
ಗುರುಲಿಂಗಪ್ಪ

ವಿ.ಸೂ. ಲಕೋಟೆಗೆ ಅಂಟು ಹಚ್ಚುವಾಗ ನಿಮ್ಮವ್ವ ಕಾಗದ ಕಸಿದುಕೊಂಡು ಪೂರ್ತಿ ಓದಿದಳು. “ವತ್ಸಲಾಬಾಯಿ ಯಾಕ ಬಂದಿದ್ದಳು ಅನ್ನೋದನ್ನ ಬರದೇ 
ಇಲ್ಲಲ್ಲ” ಎಂದಳು. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಪೋಸ್ಟಿನ ಕೌಂಟರ್ ಮುಚ್ಚುವುದರೊಳಗೆ ಬರೆದುಬಿಡುತ್ತೇನೆ. ನೀನು ಆ ಮನೆಯಲ್ಲಿ ಗಂಡ ಹೆಂಡತಿಯನ್ನು ಬೇರೆಬೇರೆಯಾಗಿ ಕೂಡಿಸಿ ಪ್ರಶ್ನೆ ಕೇಳುವಾಗ ಮಾತುಗಳನ್ನು ರೆಕಾರ್ಡು ಮಾಡಿಕೊಂಡಿದ್ದೆಯಲ್ಲ. ವತ್ಸಲಾಬಾಯಿ ಬಂದದ್ದು ಅದಕ್ಕೆ. ಅವರ ಹತ್ತಿರ ಗಂಡನ ಫೋಟೋಗಳಿವೆ, ದನಿ ಎಲ್ಲೂ ಇಲ್ಲ. ನೀನು ಸಂಸ್ಥೆಯಲ್ಲಿ ಬಿಟ್ಟುಹೋದ ಆ ರೆಕಾರ್ಡುಗಳಲ್ಲಿ ಮಾತ್ರ ಇದೆ. ಸಂಸ್ಥೆಯ ನಿಯಮದಂತೆ ವರ್ಷದ ಕೊನೆಗೆ ಎಲ್ಲವನ್ನೂ ಅಳಿಸುತ್ತಾರೆ, ನೀನು ಬರೆದು ಕೊಟ್ಟರೆ ಮಾತ್ರ ಉಳಿಯುತ್ತದೆ ಎಂದು ತನ್ಮಯ ಫೋನಿನಲ್ಲಿ ಹೇಳಿದ. ಅವರು ಆಡಿದ್ದನ್ನು ಯಾರಿಗೂ ಕೇಳಿಸುವುದಿಲ್ಲ ಎಂದು ನೀನು ದಿಗಂಬರ ಭಾವುಗೆ ಮಾತು ಕೊಟ್ಟಿದ್ದೆ ಎಂಬುದೂ ನನಗೆ ಗೊತ್ತು, ವತ್ಸಲಾಬಾಯಿಗೂ ಹೇಳಿದೆ. ಕೊಡಬಹುದೋ ಕೊಡಬಾರದೋ, ಅದನ್ನು ನೀನೇ ತೀರ್ಮಾನಿಸಬೇಕು, ನಾನು ಒತ್ತಾಯಿಸುವುದಿಲ್ಲ. ಅಳಿಸದಂತೆ ಮಾತ್ರ ಈ ಕಾಗದ ಮುಟ್ಟಿದ ದಿನವೇ ಸಂಸ್ಥೆಗೆ ಬರೆದು ಕಳಿಸು. ವತ್ಸಲಾಬಾಯಿ ಹೊರಡುವಾಗ ಮೆಟ್ಟಿಲಲ್ಲಿ ನಿಂತು ಹೇಳಿದ್ದಿಷ್ಟು: “ನಾನು ಆವಾಗ ಒಳಗ ಚಹಾ ಮಾಡಲಿಕ್ಕೆ ಹೋಗಿದ್ದೆ, ಏನ್ ಹೇಳಿದರೋ ಕೇಳಲಿಲ್ಲ. ನನ್ನನ್ನ ಬೈದಿದ್ದರೂ ಅಡ್ಡಿಯಿಲ್ಲ. ದನಿ ಅವರದಾದರ ಸಾಕು.” ಕೊಡುವುದೆಂದು ಮನಸ್ಸಾದರೆ ಪೋಸ್ಟಿನಲ್ಲಿ ಕಳಿಸಬೇಡವ್ವಾ, ಫೋನಿನಲ್ಲೂ ಕಳಿಸಬೇಡ. ನೀನೇ ತೆಗೆದುಕೊಂಡು ಬಾ. ಅವರು ಆ ದನಿ ಕೇಳುವಾಗ ನೀನು ಪಕ್ಕದಲ್ಲಿರಬೇಕು.